ಅಲೆ ತಲೆಕೆಳಗಾದರೆ ಕಿವಿಗೆ ಗೊತ್ತಾಗುತ್ತದೆಯೇ?

ಹಲವು ಮೈಕ್‌ಗಳ ದನಿ ಕೂಡಿಸುವ ಸೌಂಡ್ ಮಿಕ್ಸರ್‌ನ ಚಾನೆಲ್‌ಗಳಲ್ಲಿ ಸೊನ್ನೆಗೆ ಅಡ್ಡಗೆರೆ ಎಳೆದ ಒಂದು ಬಟನ್ ಇರುತ್ತದೆ. ಎಲ್ಲರೂ ಅದನ್ನು ‘ಫೇಸ್’ ಬಟನ್ ಅನ್ನುತ್ತಾರೆ, ಆದರೆ ಅದು ಫೇಸ್‌ನ ತಂಟೆಗೇ ಹೋಗುವುದಿಲ್ಲ. ಒಳಬಂದ ವೋಲ್ಟೇಜನ್ನು ಮೈನಸ್ ಒಂದರಿಂದ ಗುಣಿಸುತ್ತದೆ, ಅಷ್ಟೇ. ಮೇಲೆದ್ದದ್ದು ಕೆಳಗಿಳಿಯುತ್ತದೆ, ಕೆಳಗಿದ್ದದ್ದು ಮೇಲೇಳುತ್ತದೆ. ಎಲ್ಲ ಆವರ್ತನಗಳಿಗೂ ಒಂದೇ ನ್ಯಾಯ, ಕಾಲ ಒಂದಿಷ್ಟೂ ಸರಿಯುವುದಿಲ್ಲ. ಇದರ ಸರಿಯಾದ ಹೆಸರು ಪೊಲಾರಿಟಿ. ಹೈಫೈ ಮಂದಿ ‘ಅಬ್ಸಲ್ಯೂಟ್ ಫೇಸ್’ ಎಂದು ಕರೆಯುವುದೂ ಇದನ್ನೇ: ಮೈಕ್‌ನ ಮುಂದೆ ಗಾಳಿ ಒತ್ತಿಕೊಂಡ ಕ್ಷಣಕ್ಕೆ ನಮ್ಮ ಕಿವಿಯ ಮುಂದೆಯೂ ಗಾಳಿ ಒತ್ತಿಕೊಳ್ಳುತ್ತದೆಯೋ, ಇಲ್ಲಾ ತೆಳುವಾಗುತ್ತದೆಯೋ ಎಂಬ ಪ್ರಶ್ನೆ.

ಫೇಸ್ ಎಂದರೆ ಅಲೆ ತನ್ನ ಆವರ್ತದ ಯಾವ ಹಂತದಲ್ಲಿದೆ ಎಂಬುದು, ಪೂರ್ತಿ ಸುತ್ತಿಗೆ 360 ಡಿಗ್ರಿ. ಅದು ಬೇರೆ ಎಂದು ತೋರಿಸಲು ಒಂದು ಲೆಕ್ಕ ಸಾಕು. ಸಿಗ್ನಲನ್ನು 1 ಮಿಲಿಸೆಕೆಂಡ್ ತಡ ಮಾಡಿದರೆ 500 ಹರ್ಟ್ಜ್ 180 ಡಿಗ್ರಿ ತಿರುಗಿ ತಲೆಕೆಳಗಾಗುತ್ತದೆ. 250 ಹರ್ಟ್ಜ್ ಬರೀ 90 ಡಿಗ್ರಿ ತಿರುಗಿರುತ್ತದೆ; 1000 ಹರ್ಟ್ಜ್ ಪೂರ್ತಿ ಸುತ್ತು ಹಾಕಿ ಮೊದಲಿನ ಜಾಗಕ್ಕೇ ಬಂದಿರುತ್ತದೆ. ‘180 ಡಿಗ್ರಿ ಔಟ್ ಆಫ್ ಫೇಸ್’ ಎಂಬ ಮಾತು ಒಂದೇ ಒಂದು ಆವರ್ತನಕ್ಕೆ ಅನ್ವಯಿಸುತ್ತದೆ, ಹಾಡಿಗಲ್ಲ.

ಇನ್ನೊಂದು ಗೊಂದಲವನ್ನೂ ಮೊದಲೇ ಕಳೆದುಬಿಡಬೇಕು. ಎರಡು ಸ್ಪೀಕರ್‌ಗಳಲ್ಲಿ ಒಂದರ ತಂತಿ ಮಾತ್ರ ಅದಲುಬದಲಾದರೆ ಬಾಸ್ ಸೊರಗುತ್ತದೆ, ನಡುವೆ ನಿಂತಿರಬೇಕಾದ ದನಿ ನೆಲೆ ಕಳೆದುಕೊಂಡು ಕೋಣೆ ತುಂಬ ಹರಡಿಹೋಗುತ್ತದೆ. ಇದು ಯಾರಿಗಾದರೂ ಕೇಳಿಸುತ್ತದೆ, ಇದರ ಬಗ್ಗೆ ವಾದವೇ ಇಲ್ಲ. ವಾದ ಇರುವುದು ಎರಡೂ ಚಾನೆಲ್ ಒಟ್ಟಿಗೆ ತಿರುಗಿದಾಗ. ‘ಪೊಲಾರಿಟಿ ಬದಲಿಸಿದೆ, ಬಾಸ್ ಪೂರ್ತಿ ಬದಲಾಯಿತು’ ಎಂದು ಯಾರಾದರೂ ಹೇಳಿದರೆ ಮೊದಲು ಕೇಳಬೇಕಾದ ಪ್ರಶ್ನೆ: ಎರಡೂ ಕಡೆ ಬದಲಿಸಿದಿರಾ, ಒಂದೇ ಕಡೆಯೋ? ಉತ್ತರ ಬಹಳ ಸಲ ಅಲ್ಲೇ ಸಿಕ್ಕಿಬಿಡುತ್ತದೆ.

ಕಿವಿ ಏನು ಮಾಡುತ್ತದೆ

ಕಿವಿಗೆ ಫೇಸ್ ತಿಳಿಯುವುದಿಲ್ಲ, ಯಾವ ಆವರ್ತನ ಎಷ್ಟು ಬಲವಾಗಿದೆ ಎಂಬುದಷ್ಟೇ ತಿಳಿಯುತ್ತದೆ ಎಂಬ ನಂಬಿಕೆ ಹಳೆಯದು. 1843ರಲ್ಲಿ ಓಮ್ ಹಾಕಿದ ಬುನಾದಿಯ ಮೇಲೆ ಹೆಲ್ಮ್‌ಹೋಲ್ಟ್ಜ್ 1863ರಲ್ಲಿ ಕಟ್ಟಿದ ವಾದ ಅದು. ಸ್ಥೂಲವಾಗಿ ನೋಡಿದರೆ ತಪ್ಪೂ ಅಲ್ಲ. ಆದರೆ ಒಳಗಿವಿಯ ರಚನೆ ಅಷ್ಟು ಸಮಪಾಲಿನದ್ದಲ್ಲ. ಅಲ್ಲಿನ ಕೂದಲುಕೋಶಗಳ ನವಿರುಗಳು ಒಂದು ದಿಕ್ಕಿಗೆ ಬಾಗಿದಾಗ ಕೋಶ ಉದ್ರೇಕಗೊಂಡು ನರ ಮಿಡಿಯುತ್ತದೆ. ಇನ್ನೊಂದು ದಿಕ್ಕಿಗೆ ಬಾಗಿದಾಗ ಸುಮ್ಮನಾಗುತ್ತದೆ. ಎಲೆಕ್ಟ್ರಾನಿಕ್ಸ್ ಭಾಷೆಯಲ್ಲಿ ಇದು ಹಾಫ್‌ವೇವ್ ರೆಕ್ಟಿಫೈಯರ್, ಅಲೆಯ ಒಂದು ಬದಿಯನ್ನಷ್ಟೇ ದಾಟಿಸುವಂಥದ್ದು. ಸುಮಾರು 4-5 ಸಾವಿರ ಹರ್ಟ್ಜ್‌ವರೆಗೆ ನರದ ಮಿಡಿತಗಳು ಅಲೆಯ ಅದೇ ಮಗ್ಗುಲಿಗೆ ಗಂಟುಬಿದ್ದಿರುತ್ತವೆ. ಶ್ರವಣ ಪರೀಕ್ಷೆ ಮಾಡುವವರಿಗೆ ಇದು ಹೊಸ ಸುದ್ದಿಯೇನಲ್ಲ. ಮಿದುಳುಕಾಂಡದ ಪ್ರತಿಕ್ರಿಯೆ ಅಳೆಯುವ ಎಬಿಆರ್ ಯಂತ್ರದಲ್ಲಿ ಕ್ಲಿಕ್ ಶಬ್ದವನ್ನು ಒತ್ತುವ ದಿಕ್ಕಿಗೆ ಕಳಿಸಬೇಕೋ, ಎಳೆಯುವ ದಿಕ್ಕಿಗೆ ಕಳಿಸಬೇಕೋ ಅಥವಾ ಒಂದಾದ ಮೇಲೊಂದರಂತೆ ಎರಡನ್ನೂ ಕಳಿಸಬೇಕೋ ಎಂದು ಆರಿಸುವ ಸೌಲಭ್ಯವಿದೆ. ಅಲ್ಲಿ ದಿಕ್ಕು ಬದಲಾದರೆ ದಾಖಲಾಗುವ ಅಲೆಯೂ ಬದಲಾಗುತ್ತದೆ.

ಅಂದರೆ ಕಿವಿಗೆ ದಿಕ್ಕಿನ ಪರಿವೆ ಇದೆ. ಆದರೆ ತೋರಿಸಲು ಸಿಗ್ನಲ್‌ನಲ್ಲೂ ದಿಕ್ಕು ಇರಬೇಕಲ್ಲ. ಶುದ್ಧ ಸೈನ್ ಅಲೆಯನ್ನು ತಿರುಗಿಸಿದರೆ ಅರ್ಧ ಆವರ್ತ ಸರಿಸಿದ ಅದೇ ಸೈನ್ ಅಲೆ ಸಿಗುತ್ತದೆ. ಸ್ಕ್ವೇರ್, ಟ್ರಯಾಂಗಲ್ ಅಲೆಗಳೂ ಹಾಗೆಯೇ. ಕಿವಿಗೆ ಕೆಲಸ ಸಿಗುವುದು ಮೇಲ್ಭಾಗ ಒಂದು ಥರ, ಕೆಳಭಾಗ ಇನ್ನೊಂದು ಥರ ಇರುವ ಅಲೆಗಳಲ್ಲಿ. ಮನುಷ್ಯನ ದನಿ ಅಂಥದ್ದು: ಧ್ವನಿತಂತುಗಳು ನಿಧಾನ ತೆರೆದು ಫಟ್ಟನೆ ಮುಚ್ಚಿಕೊಳ್ಳುತ್ತವೆ, ಆ ಮುಚ್ಚುವಿಕೆಯ ಗುರುತು ಅಲೆಯ ಒಂದೇ ಬದಿಯಲ್ಲಿ ಚೂಪಾಗಿ ಏಳುತ್ತದೆ. ಟ್ರಂಪೆಟ್, ಟ್ರಾಂಬೋನ್‌ಗಳ ಅಲೆಯನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿ: ಒಂದು ಕಡೆ ಮುಳ್ಳು, ಇನ್ನೊಂದು ಕಡೆ ದಿಬ್ಬ. ಅಮೆರಿಕದ ಎಎಂ ರೇಡಿಯೋದವರು ಇದನ್ನು ಚೆನ್ನಾಗಿಯೇ ಬಳಸಿಕೊಂಡಿದ್ದಾರೆ. ಅಲ್ಲಿ ನೆಗೆಟಿವ್ ಮಾಡ್ಯುಲೇಶನ್ (ದನಿಗೆ ತಕ್ಕಂತೆ ರೇಡಿಯೋ ಅಲೆಯ ಬಲ ಇಳಿಸುವುದು) 100 ಶೇಕಡಾ ದಾಟುವಂತಿಲ್ಲ, ಪಾಸಿಟಿವ್ ಕಡೆ 125 ಶೇಕಡಾವರೆಗೆ ಅವಕಾಶವಿದೆ. ದನಿಯ ಮುಳ್ಳುಗಳು ಪಾಸಿಟಿವ್ ಕಡೆ ಬರುವಂತೆ ಪೊಲಾರಿಟಿ ಇಟ್ಟರೆ ಅದೇ ಟ್ರಾನ್ಸ್‌ಮಿಟರ್‌ನಿಂದ ಹೆಚ್ಚು ಗಟ್ಟಿಯಾದ ದನಿ ಹೊರಡುತ್ತದೆ.

ನೀವೇ ಮಾಡಿ ನೋಡಬಹುದಾದ ಪರೀಕ್ಷೆ

ಕಿವಿಗೆ ಅತಿ ಸುಲಭವಾಗಿ ಸಿಕ್ಕಿಬೀಳುವ ಸಿಗ್ನಲ್‌ನಿಂದ ಶುರು ಮಾಡುವುದು ಒಳ್ಳೆಯದು. ಅದರಲ್ಲೇ ಕೇಳಿಸದಿದ್ದರೆ ಹಾಡಿನಲ್ಲಿ ಹುಡುಕುವ ಶ್ರಮ ಉಳಿಯುತ್ತದೆ.

ಧ್ವನಿ ತಿದ್ದುವ ಉಚಿತ ತಂತ್ರಾಂಶ ಆಡಾಸಿಟಿಯಲ್ಲಿ ಪ್ರಾಜೆಕ್ಟ್ ದರವನ್ನು (ಸೆಕೆಂಡಿಗೆ ಎಷ್ಟು ಸ್ಯಾಂಪಲ್ ಎಂಬುದನ್ನು) 48000ಕ್ಕೆ ಇಟ್ಟು ಎರಡು ಟ್ರ್ಯಾಕ್ ಮಾಡಿ: ಒಂದರಲ್ಲಿ 150 ಹರ್ಟ್ಜ್ ಸೈನ್, ಆಂಪ್ಲಿಟ್ಯೂಡ್ 0.4, ಇನ್ನೊಂದರಲ್ಲಿ 300 ಹರ್ಟ್ಜ್ ಸೈನ್, ಆಂಪ್ಲಿಟ್ಯೂಡ್ 0.2. ಎರಡೂ ನಾಲ್ಕು ಸೆಕೆಂಡ್ ಇರಲಿ. ಹೀಗೇ ಕೂಡಿಸಿದರೆ ಬರುವ ಅಲೆಯ ಮೇಲಿನ ಶಿಖರ, ಕೆಳಗಿನ ಕಣಿವೆ ಎರಡೂ ಒಂದೇ ಅಳತೆಯವು, ಪರೀಕ್ಷೆಗೆ ಉಪಯೋಗವಿಲ್ಲ. ಎರಡೂ ಅಲೆಗಳು ತಮ್ಮ ಶಿಖರದಿಂದಲೇ ಶುರುವಾಗಬೇಕು. 150 ಹರ್ಟ್ಜ್‌ನ ಒಂದು ಆವರ್ತಕ್ಕೆ 320 ಸ್ಯಾಂಪಲ್, ಕಾಲು ಆವರ್ತಕ್ಕೆ 80. ಆದ್ದರಿಂದ ಮೊದಲ ಟ್ರ್ಯಾಕ್‌ನ ತಲೆಯಿಂದ ಸರಿಯಾಗಿ 80 ಸ್ಯಾಂಪಲ್ ಕತ್ತರಿಸಿ, ಎರಡನೆಯದರಿಂದ 40. ಸಿಂಕ್‌ಲಾಕ್ ಆನ್ ಇದ್ದರೆ ಒಂದರಲ್ಲಿ ಕತ್ತರಿಸಿದ್ದು ಇನ್ನೊಂದರಲ್ಲೂ ಕತ್ತರಿಸಿಹೋಗುತ್ತದೆ, ಮೊದಲೇ ಆಫ್ ಮಾಡಿರಿ. ಎರಡೂ ಟ್ರ್ಯಾಕ್ ಸೊನ್ನೆ ಸೆಕೆಂಡ್‌ನಿಂದಲೇ ಶುರುವಾಗಿವೆಯೇ ನೋಡಿಕೊಂಡು ಮಿಕ್ಸ್ ಮಾಡಿ. ಈಗ ಹಿಗ್ಗಿಸಿ ನೋಡಿದರೆ ಮೇಲೆ 0.6ಕ್ಕೆ ಏರುವ ಚೂಪು ಶಿಖರ, ಕೆಳಗೆ ಮೈನಸ್ 0.3ಕ್ಕೆ ನಿಲ್ಲುವ ಎರಡು ತಗ್ಗುಗಳ ಅಗಲ ಕಣಿವೆ ಕಾಣಬೇಕು. ಅನುಪಾತ ಎರಡಕ್ಕೆ ಒಂದು. ಹಾಗೆ ಕಾಣದಿದ್ದರೆ ಕತ್ತರಿಸಿದ ಸ್ಯಾಂಪಲ್ ಲೆಕ್ಕ ತಪ್ಪಿದೆ ಎಂದೇ ಅರ್ಥ.

ಇದರ ನಕಲು ತೆಗೆದು ಇನ್‌ವರ್ಟ್ ಕೊಡಿ. ಮೂಲವನ್ನೂ ನಕಲನ್ನೂ ಒಟ್ಟಿಗೆ ನುಡಿಸಿದರೆ ಪೂರ್ತಿ ಮೌನ ಸಿಗಬೇಕು, ಕೆಲಸ ಸರಿಯಾಗಿದೆ ಎಂಬುದಕ್ಕೆ ಅದೇ ಸಾಕ್ಷಿ. ಆಮೇಲೆ ಎರಡಕ್ಕೂ ಆರಂಭ, ಅಂತ್ಯಗಳಲ್ಲಿ 50 ಮಿಲಿಸೆಕೆಂಡ್ ಫೇಡ್ ಕೊಟ್ಟು 24 ಬಿಟ್ ವೇವ್ ಫೈಲ್‌ಗಳಾಗಿ ಬೇರೆಬೇರೆ ಉಳಿಸಿ. ಫೇಡ್ ಮರೆತರೆ ಶುರುವಿನ ‘ಟಕ್’ ಸದ್ದು ಒಂದರಲ್ಲಿ ಮೇಲ್ಮುಖವಾಗಿ, ಇನ್ನೊಂದರಲ್ಲಿ ಅಷ್ಟೇ ಜೋರಾಗಿ ಕೆಳಮುಖವಾಗಿ ಎದ್ದು ಗುಟ್ಟು ಬಿಟ್ಟುಕೊಡಬಹುದು. ಆಗ ನೀವು ಹಿಡಿದದ್ದು ಪೊಲಾರಿಟಿಯನ್ನಲ್ಲ, ಟಕ್ಕನ್ನು.

ಹೆಡ್‌ಫೋನ್ ಹಾಕಿಕೊಂಡು, ಫೂಬಾರ್2000ದ ಎಬಿಎಕ್ಸ್ ಕಾಂಪೊನೆಂಟ್‌ನಂಥ ಉಪಕರಣದಲ್ಲಿ ಎರಡು ಫೈಲ್‌ಗಳನ್ನೂ ತುಂಬಿ. ಪ್ರತಿ ಸುತ್ತಿನಲ್ಲೂ ಅದು ಎಕ್ಸ್ ಎಂಬ ಹೆಸರಲ್ಲಿ ಎ, ಬಿ ಎರಡರಲ್ಲಿ ಒಂದನ್ನು ಗುಟ್ಟಾಗಿ ನುಡಿಸುತ್ತದೆ, ಯಾವುದೆಂದು ನೀವು ಹೇಳಬೇಕು. ಈಕ್ವಲೈಸರ್, ಲೌಡ್‌ನೆಸ್, ‘ಸರೌಂಡ್’ ಇತ್ಯಾದಿ ಅಲಂಕಾರಗಳೆಲ್ಲ ಆಫ್ ಆಗಿರಲಿ. ನಡುವೆ ಒಂದು ಲಿಮಿಟರ್ (ಶಿಖರಗಳನ್ನು ಅದುಮುವ ಸಾಧನ) ಅಡಗಿದ್ದರೂ ಪರೀಕ್ಷೆ ಕೆಟ್ಟಂತೆ. ಪ್ರತಿ ಸಲವೂ ಮೊದಲಿನಿಂದ ಕೇಳಿ, ನಡುವಿನಲ್ಲಿ ಒಂದರಿಂದ ಇನ್ನೊಂದಕ್ಕೆ ಹಾರಬೇಡಿ. ಹಾರಿದ ಕ್ಷಣ ಅಲೆ ತುಂಡಾಗುವ ಸದ್ದೇ ಬೇರೆ ಸುಳಿವು. ಮಟ್ಟ ಹಿತವಾಗಿರಲಿ: ತೀರ ಜೋರಾದರೆ ಹೆಡ್‌ಫೋನ್ ಡ್ರೈವರ್‌ನ ಡಿಸ್ಟಾರ್ಶನ್, ಅಂದರೆ ಅದು ತಾನೇ ಸೇರಿಸುವ ವಿರೂಪ, ನಡುವೆ ಬಂದು ಕೂರುತ್ತದೆ.

ಗಮನವಿಟ್ಟು ಕೇಳುವ ಅನೇಕರಿಗೆ ಈ ಜೋಡಿಯಲ್ಲಿ ಸೂಕ್ಷ್ಮ ವ್ಯತ್ಯಾಸ ಸಿಗುತ್ತದೆ. ಸ್ಥಾಯಿ ಅದೇ, ಗಟ್ಟಿತನ ಅದೇ; ನಾದದ ಮೈ ಮಾತ್ರ ಒಂದರಲ್ಲಿ ಸ್ವಲ್ಪ ತುಂಬಿಕೊಂಡಂತೆ, ಇನ್ನೊಂದರಲ್ಲಿ ಸ್ವಲ್ಪ ಒಣಗಿದಂತೆ. ಇದನ್ನು ಕೇಳಿದವರು ಮಾಡಬೇಕಾದ ಮುಂದಿನ ಕೆಲಸ 150 ಹರ್ಟ್ಜ್‌ನ ಶುದ್ಧ ಸೈನ್ ಒಂದನ್ನೇ ತೆಗೆದುಕೊಂಡು ಅದೇ ಪರೀಕ್ಷೆ ಮಾಡುವುದು. ಅಲ್ಲಿ ವ್ಯತ್ಯಾಸ ಕೇಳಿಸಲೇಬಾರದು. ಡ್ರೈವರ್ ಎಷ್ಟೇ ಕೆಟ್ಟದಿರಲಿ, ತಿರುಗಿದ ಸೈನ್ ಎಂದರೆ ಸರಿದ ಸೈನ್ ಆದ್ದರಿಂದ ಡಿಸ್ಟಾರ್ಶನ್ನೂ ಜೊತೆಗೇ ಸರಿಯುತ್ತದೆ. ಅಲ್ಲೂ ‘ಕೇಳಿಸಿತು’ ಎಂದಾದರೆ ಫೇಡ್, ಮಟ್ಟ ಅಥವಾ ಪರೀಕ್ಷೆಯ ವಿಧಾನದಲ್ಲೇ ಎಲ್ಲೋ ತೂತಿದೆ.

ಎಷ್ಟು ಸರಿ ಬಂದರೆ ಸರಿ ಎನ್ನುವುದು? 16 ಸುತ್ತಿನಲ್ಲಿ 12 ಅಥವಾ ಹೆಚ್ಚು ಸರಿಯಾದರೆ ಅದು ಬರೀ ಊಹೆಯಿಂದ ಆಗುವ ಸಾಧ್ಯತೆ 3.8 ಶೇಕಡಾ. 10 ಸುತ್ತಿನಲ್ಲಿ 9 ಎಂದರೆ 1.1 ಶೇಕಡಾ. ಎಷ್ಟು ಸುತ್ತು ಎಂಬುದನ್ನು ಮೊದಲೇ ತೀರ್ಮಾನಿಸಬೇಕು. ಚೆನ್ನಾಗಿ ಬಂದಾಗ ನಿಲ್ಲಿಸುವುದು, ಕೆಟ್ಟದಾದರೆ ‘ಇವತ್ತು ಕಿವಿ ಸರಿಯಿಲ್ಲ’ ಎಂದು ಮತ್ತೆ ಶುರು ಮಾಡುವುದು ನಡೆಯುವುದಿಲ್ಲ. ಹಾಗೆ ಐದು ಸಲ ಕೂತರೆ, ಏನೂ ಕೇಳಿಸದವರಿಗೂ ಅವುಗಳಲ್ಲಿ ಒಂದರಲ್ಲಾದರೂ 12 ಬರುವ ಸಾಧ್ಯತೆ ಸುಮಾರು 18 ಶೇಕಡಾಕ್ಕೆ ಏರುತ್ತದೆ.

ಹಾಡಿಗೆ ಬಂದಾಗ

ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಲಿಪ್‌ಶಿಟ್ಜ್, ವಾಂಡರ್‌ಕೂಯ್ ಮತ್ತು ಅವರ ಜೊತೆಗಾರ ಪೊಕಾಕ್ 1982ರಲ್ಲಿ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದ ಪ್ರಬಂಧದ ಸಾರ ಮೇಲಿನ ಪರೀಕ್ಷೆಗೆ ಹೊಂದುತ್ತದೆ: ತಕ್ಕ ಸಿಗ್ನಲ್ ಆರಿಸಿಕೊಂಡರೆ ಫೇಸ್ ಮತ್ತು ಪೊಲಾರಿಟಿ ಬದಲಾವಣೆ ಕೇಳಿಸುತ್ತವೆ, ಹೆಡ್‌ಫೋನ್‌ನಲ್ಲಿ ಹೆಚ್ಚು, ಪ್ರತಿಧ್ವನಿಸುವ ಕೋಣೆಯಲ್ಲಿ ಕಡಿಮೆ. ಗ್ರೈನರ್ ಮತ್ತು ಮೆಲ್ಟನ್ 1994ರಲ್ಲಿ ಅದೇ ಪತ್ರಿಕೆಯಲ್ಲಿ ಇನ್ನೂ ನೇರವಾಗಿ ಪೊಲಾರಿಟಿಯನ್ನೇ ಎತ್ತಿಕೊಂಡರು. ಸರಳವಾದ, ಆಯ್ದ ವಾದ್ಯಧ್ವನಿಗಳಲ್ಲಿ ವ್ಯತ್ಯಾಸ ಸಿಗುತ್ತದೆ. ಮಾಮೂಲು ಸಂಕೀರ್ಣ ಸಂಗೀತದಲ್ಲಿ ಸುಲಭಕ್ಕೆ ಸಿಗುವುದಿಲ್ಲ ಎಂಬುದು ಅವರ ಆಲಿಕೆ ಪರೀಕ್ಷೆಗಳ ಫಲ. ನನ್ನ ತೀರ್ಪು ಕೂಡ ಹೆಚ್ಚು ಕಡಿಮೆ ಇದೇ, ಒಂದು ಸೇರ್ಪಡೆಯೊಂದಿಗೆ: ಪೂರ್ತಿ ಮಿಕ್ಸ್ ಆದ ಹಾಡಿಗೆ ‘ಸರಿಯಾದ’ ಪೊಲಾರಿಟಿ ಎಂಬುದೊಂದು ಇರುತ್ತದೆ ಎಂಬ ಊಹೆಯೇ ಬಹುಪಾಲು ಬುಡವಿಲ್ಲದ್ದು.

ಸ್ನೇರ್ ಡ್ರಮ್ಮನ್ನೇ ತೆಗೆದುಕೊಳ್ಳಿ. ಕೋಲು ಬಿದ್ದಾಗ ಮೇಲಿನ ಚರ್ಮ ಕೆಳಗೆ ಹೋಗುತ್ತದೆ. ಮೇಲಿರುವ ಮೈಕ್‌ಗೆ ಮೊದಲು ಸಿಗುವುದು ಗಾಳಿಯ ಎಳೆತ. ಒಳಗಿನ ಗಾಳಿ ಕೆಳಚರ್ಮವನ್ನು ಹೊರಗೆ ತಳ್ಳುತ್ತದೆ, ಕೆಳಗಿರುವ ಮೈಕ್‌ಗೆ ಮೊದಲು ಸಿಗುವುದು ಒತ್ತು. ಒಂದೇ ಪೆಟ್ಟು, ಎರಡು ವಿರುದ್ಧ ಸತ್ಯಗಳು, ಎರಡೂ ನಿಜ. ಹಾಗಾಗಿಯೇ ಮಿಕ್ಸ್ ಮಾಡುವವರು ಕೆಳಗಿನ ಮೈಕ್‌ನ ಪೊಲಾರಿಟಿ ತಿರುಗಿಸುತ್ತಾರೆ, ಇಲ್ಲದಿದ್ದರೆ ಎರಡೂ ಕೂಡಿದಾಗ ಡ್ರಮ್ಮಿನ ಹೊಟ್ಟೆಯೇ ಮಾಯ. ತಿರುಗಿಸಿದ ಮೇಲೆ ಉಳಿದದ್ದು ‘ಎಳೆತ ಮೊದಲು’ ಎಂಬ ಮೇಲಿನ ಮೈಕ್‌ನ ಸತ್ಯ. ಕಿಕ್ ಡ್ರಮ್ಮಿನಲ್ಲಿ ಇದು ಉಲ್ಟಾ: ಎದುರಿನಿಂದ ಕೇಳುವವರಿಗೆ ಒತ್ತು ಮೊದಲು, ಬಾರಿಸುವವರ ಕಡೆಯಿಂದ ಎಳೆತ ಮೊದಲು. ಡ್ರಮ್ ಸೆಟ್ಟಿನ ಮುಂದೆ ನಿಂತವರಿಗೂ ಹಿಂದೆ ಕೂತವರಿಗೂ ಅಬ್ಸಲ್ಯೂಟ್ ಫೇಸ್ ಬೇರೆಬೇರೆ ಎಂದಾಯಿತು! ಮುಂದೆ, ಹಿಂದೆ ಎರಡೂ ಕಡೆಯಿಂದ ಸದ್ದು ಹಿಡಿಯುವ ಫಿಗರ್ ಎಯ್ಟ್ ಮೈಕ್‌ನ ಹಿಂಬದಿಯಲ್ಲಿ ನಿಂತು ಹಾಡಿದವರ ದನಿ ತಲೆಕೆಳಗಾಗಿಯೇ ದಾಖಲಾಗುತ್ತದೆ. ಹೀಗೆ ಇಪ್ಪತ್ತು ಮೂವತ್ತು ಟ್ರ್ಯಾಕ್‌ಗಳು, ಪ್ರತಿಯೊಂದೂ ‘ಕೂಡಿಸಿದಾಗ ಯಾವುದು ಚೆನ್ನ’ ಎಂಬ ಒಂದೇ ಮಾನದಂಡದಲ್ಲಿ ತಿರುಗಿಸಲ್ಪಟ್ಟವು, ಸೇರಿ ಒಂದು ಹಾಡಾಗುತ್ತವೆ. ಮನೆಯಲ್ಲಿ ಕೂತು ಇನ್‌ವರ್ಟ್ ಒತ್ತಿದಾಗ ಸ್ನೇರ್ ಸರಿಹೋದರೆ ದನಿ ಉಲ್ಟಾ ಆಗುತ್ತದೆ.

ಒಂದೇ ಜೋಡಿ ಮೈಕ್‌ನಲ್ಲಿ, ಒಂದೇ ಕೋಣೆಯಲ್ಲಿ, ಮಿಕ್ಸಿಂಗ್ ಇಲ್ಲದೆ ಹಿಡಿದ ಧ್ವನಿಮುದ್ರಣಕ್ಕೆ ಮಾತ್ರ ಈ ಪ್ರಶ್ನೆ ಅರ್ಥಪೂರ್ಣ. ಅಲ್ಲೂ ನಡುವಿನ ಉಪಕರಣಗಳು ನಿಷ್ಠೆ ಉಳಿಸಿಕೊಂಡಿರಬೇಕು. ಮೈಕ್ ಕೇಬಲ್‌ಗಳ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕನೆಕ್ಟರ್‌ನ 2ನೇ ಪಿನ್ ‘ಹಾಟ್’ (ಪಾಸಿಟಿವ್ ಕಡೆ) ಎಂದು ಎಇಎಸ್14-1992 ಮಾನದಂಡ ಗಟ್ಟಿ ಮಾಡಿತು. ಅದಕ್ಕೂ ಮೊದಲಿನ ಎಷ್ಟೋ ಉಪಕರಣಗಳಲ್ಲಿ 3ನೇ ಪಿನ್ ಹಾಟ್. ಅಂಥದ್ದೊಂದು ಟೇಪ್ ಯಂತ್ರದ ಹೊರಬಾಗಿಲಿಗೆ 2ನೇ ಪಿನ್ ನಂಬಿದ ಮಿಕ್ಸರ್ ಜೋಡಿಸಿದರೆ ತೆಪ್ಪಗೆ ಎಲ್ಲವೂ ತಿರುಗಿಬಿಡುತ್ತದೆ, ಯಾವ ದೀಪವೂ ಉರಿಯುವುದಿಲ್ಲ. ವಾಲ್ವ್ ಆಂಪ್‌ನ ಒಂಟಿ ಕಾಮನ್ ಕ್ಯಾಥೋಡ್ ಹಂತ ಸಿಗ್ನಲನ್ನು ತಿರುಗಿಸುತ್ತದೆ. ಅಂಥ ಹಂತಗಳು ಬೆಸಸಂಖ್ಯೆಯಲ್ಲಿದ್ದು ವಿನ್ಯಾಸಕಾರ ಎಲ್ಲೂ ಸರಿಪಡಿಸದಿದ್ದರೆ ಹೊರಬರುವುದೂ ತಿರುಗಿದ್ದೇ. ಜೆಬಿಎಲ್‌ನ ಹಳೆಯ ಡ್ರೈವರ್‌ಗಳಲ್ಲಿ ಕೆಂಪು ಟರ್ಮಿನಲ್‌ಗೆ ಪಾಸಿಟಿವ್ ಕೊಟ್ಟರೆ ಕೋನ್ ಹೊರಗೆ ಬರುವ ಬದಲು ಒಳಗೆ ಹೋಗುತ್ತಿತ್ತು. ಆ ಸ್ಪೀಕರ್‌ಗಳಲ್ಲಿ ಕೇಳಿಯೇ ಮಿಕ್ಸ್ ಆದ ಹಾಡುಗಳಿಗೆ ಲೆಕ್ಕವಿಲ್ಲ.

ಇನ್ನು ನಮ್ಮ ಸ್ಪೀಕರ್. ಕೆಳಗಿನ ಆವರ್ತನಗಳನ್ನು ವೂಫರ್‌ಗೆ, ಮೇಲಿನವನ್ನು ಟ್ವೀಟರ್‌ಗೆ ಹಂಚುವ ಸರ್ಕ್ಯೂಟ್ ಕ್ರಾಸ್‌ಓವರ್; ದರ್ಜೆ ಹೆಚ್ಚಿದಷ್ಟೂ ಹಂಚಿಕೆ ಕಡಿದಾಗಿರುತ್ತದೆ. ಎರಡನೇ ದರ್ಜೆಯ ಲಿಂಕ್‌ವಿಟ್ಜ್ ರೈಲಿ ಕ್ರಾಸ್‌ಓವರ್ ಇರುವ ಎರಡು ದಾರಿಯ ಸ್ಪೀಕರ್‌ನಲ್ಲಿ ಟ್ವೀಟರನ್ನು ಬೇಕೆಂದೇ ಉಲ್ಟಾ ಜೋಡಿಸಿರುತ್ತಾರೆ. ಇಲ್ಲದಿದ್ದರೆ ಕ್ರಾಸ್‌ಓವರ್ ಆವರ್ತನದಲ್ಲಿ ಎರಡೂ ಡ್ರೈವರ್‌ಗಳು ಒಂದನ್ನೊಂದು ಅಳಿಸಿ ಆಳವಾದ ಗುಂಡಿ ಬೀಳುತ್ತದೆ. ಅಂದರೆ ವೂಫರ್ ಸರಿ, ಟ್ವೀಟರ್ ತಿರುಗಿದ್ದು. ಆಂಪ್‌ನ ತಂತಿ ಬದಲಿಸಿದರೆ ಟ್ವೀಟರ್ ಸರಿ, ವೂಫರ್ ತಿರುಗಿದ್ದು. ನಾಲ್ಕನೇ ದರ್ಜೆಯದ್ದಾದರೆ ಎರಡೂ ಸಮನಾಗಿ ಜೋಡಿಸಿದರೂ ಕ್ರಾಸ್‌ಓವರ್ ಆವರ್ತನದ ಹೊತ್ತಿಗೆ ಒಟ್ಟು ಧ್ವನಿ 180 ಡಿಗ್ರಿ ತಿರುಗಿರುತ್ತದೆ, ಇನ್ನೂ ಮೇಲೆ ಹೋದರೆ 360. ಕೆಳತುದಿಯಲ್ಲೂ ಇದೇ ಕಥೆ. ಪೋರ್ಟ್ (ಗಾಳಿ ಓಡಾಡುವ ತೂತು) ಇರುವ ಡಬ್ಬ, ಕೆಳಗಿನ ಆವರ್ತನಗಳನ್ನು ತಡೆಯುವ ನಾಲ್ಕನೇ ದರ್ಜೆಯ ಹೈಪಾಸ್ ಫಿಲ್ಟರ್ ಇದ್ದಂತೆ. ಅದರ ಟ್ಯೂನಿಂಗ್ ಆವರ್ತನದಲ್ಲಿ ಫೇಸ್ ಸುಮಾರು 180 ಡಿಗ್ರಿ ಸರಿದಿರುತ್ತದೆ. 40 ಹರ್ಟ್ಜ್‌ಗೆ ಟ್ಯೂನ್ ಆದ ಡಬ್ಬದಲ್ಲಿ ಕಿಕ್ ಡ್ರಮ್ಮಿನ ಬುಡ ಒಂದು ಪೊಲಾರಿಟಿಯಲ್ಲಿ, ಅದರ ಮೇಲಿನ ಪದರಗಳು ಇನ್ನೊಂದರಲ್ಲಿ ಹೊರಬರುತ್ತವೆ. ಇಷ್ಟರ ಮೇಲೆ ಕೋಣೆಯ ಗೋಡೆಗಳಿಂದ ಮರಳುವ ಸದ್ದು ಹಾರ್ಮೋನಿಕ್‌ಗಳ (ಮೂಲ ಆವರ್ತನದ ಎರಡು ಪಟ್ಟು, ಮೂರು ಪಟ್ಟು ಹೀಗೆ ಇರುವ ಪದರಗಳ) ಪರಸ್ಪರ ಹೊಂದಾಣಿಕೆಯನ್ನು ಕಲಕಿ ಹಾಕುತ್ತದೆ. ಧ್ವನಿತಂತುಗಳ ಆ ಚೂಪು ಮುಳ್ಳು ಎರಡೂವರೆ ಮೀಟರ್ ದೂರದ ಕುರ್ಚಿ ತಲುಪುವಾಗ ಮುಳ್ಳಾಗಿ ಉಳಿದಿರುವುದು ಅಪರೂಪ.

ಹಾಗಾದರೆ ಕೆಲವರಿಗೆ ಸ್ಪೀಕರ್‌ನಲ್ಲಿ ಕೇಳಿಸುವುದೇನು?

ಬಹಳ ಸಲ ಅದು ಸ್ಪೀಕರ್‌ನ ಸ್ವಂತ ಡಿಸ್ಟಾರ್ಶನ್. ಕೋನನ್ನು ಆಡಿಸುವ ವಾಯ್ಸ್ ಕಾಯಿಲ್ ಒಳಗೆ ಹೋದಾಗ ಮತ್ತು ಹೊರಗೆ ಬಂದಾಗ ಅದರ ಮೇಲಿನ ಆಯಸ್ಕಾಂತದ ಹಿಡಿತ ಒಂದೇ ಸಮ ಇರುವುದಿಲ್ಲ, ಅದನ್ನು ನಡುವೆ ಹಿಡಿದಿಡುವ ಸ್ಪೈಡರ್ ಮತ್ತು ಅಂಚಿನ ಬಿಗುವೂ ಎರಡು ಕಡೆಗೆ ಒಂದೇ ಇರುವುದಿಲ್ಲ. ಹೀಗೆ ಹುಟ್ಟುವ ಅಸಮತೋಲನದಿಂದ ಎರಡನೇ ಹಾರ್ಮೋನಿಕ್ ಸೇರಿಕೊಳ್ಳುತ್ತದೆ. ಇದರ ಚೇಷ್ಟೆ ಏನೆಂದರೆ, ಒಳಬರುವ ಸಿಗ್ನಲನ್ನು ತಿರುಗಿಸಿದರೆ ಇದು ಜೊತೆಗೆ ತಿರುಗುವುದಿಲ್ಲ. ಮೈನಸ್ಸನ್ನು ವರ್ಗ ಮಾಡಿದರೂ ಪ್ಲಸ್ಸೇ ಬರುತ್ತದಲ್ಲ, ಹಾಗೆ.

ಈಗ ಮುದ್ರಿತ ಸ್ವರದಲ್ಲೇ 3 ಶೇಕಡಾ ಎರಡನೇ ಹಾರ್ಮೋನಿಕ್ ಇದೆ, ಸ್ಪೀಕರ್ ತನ್ನದೊಂದು 1 ಶೇಕಡಾ ಸೇರಿಸುತ್ತದೆ ಎಂದುಕೊಳ್ಳಿ. ಎರಡೂ ಒಂದೇ ದಿಕ್ಕಿಗಿದ್ದರೆ 4 ಶೇಕಡಾ, ವಿರುದ್ಧವಾದರೆ 2. ಪೊಲಾರಿಟಿ ತಿರುಗಿಸಿದಾಗ ಆ ಹಾರ್ಮೋನಿಕ್ 6 ಡೆಸಿಬಲ್ ಏರಿಳಿಯುತ್ತದೆ. ಎರಡೂ 1 ಶೇಕಡಾ ಇದ್ದರೆ ಒಂದು ಸ್ಥಿತಿಯಲ್ಲಿ 2, ಇನ್ನೊಂದರಲ್ಲಿ ಸೊನ್ನೆ. ಚಿಕ್ಕ ವೂಫರ್‌ಗೆ ಜೋರು ಬಾಸ್ ಕೊಟ್ಟಾಗ ಇಂಥ ಅಂಕಿಗಳು ವಿಪರೀತವೇನಲ್ಲ. ಕೇಳಿದವರಿಗೆ ಕೇಳಿಸಿದ್ದು ನಿಜ. ಅದರ ಮೂಲ ಮಾತ್ರ ಹಾಡಿನಲ್ಲಿಲ್ಲ. ‘ಈ ಮುದ್ರಣ ಉಲ್ಟಾ ಇದೆ’ ಎಂದು ತೀರ್ಪು ಕೊಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಇದನ್ನು ಪತ್ತೆ ಮಾಡುವುದು ಕಷ್ಟವಿಲ್ಲ. ಡಿಸ್ಟಾರ್ಶನ್ ಇಲ್ಲದ ವ್ಯವಸ್ಥೆಯಲ್ಲಿ ಪೊಲಾರಿಟಿ ತಿರುಗಿಸಿದರೆ ಸ್ಪೆಕ್ಟ್ರಮ್ (ಯಾವ ಆವರ್ತನ ಎಷ್ಟು ಬಲ ಎಂಬ ಚಿತ್ರ) ಕೂದಲೆಳೆಯಷ್ಟೂ ಬದಲಾಗದು. 60 ಹರ್ಟ್ಜ್ ಸೈನ್‌ಗೆ ನೂರರಲ್ಲಿ ಒಂದು ಪಾಲು 120 ಹರ್ಟ್ಜ್ ಬೆರೆಸಿ. ಶಿಖರದಿಂದ ಶುರು ಮಾಡಲು 48000 ದರದಲ್ಲಿ ಒಂದರಿಂದ 200, ಇನ್ನೊಂದರಿಂದ 100 ಸ್ಯಾಂಪಲ್ ಕತ್ತರಿಸಬೇಕು. ನೀವು ಸಾಮಾನ್ಯವಾಗಿ ಕೇಳುವ ಮಟ್ಟದಲ್ಲಿ ನುಡಿಸಿ, ವೂಫರ್‌ನಿಂದ 20-30 ಸೆಂಟಿಮೀಟರ್ ದೂರದಲ್ಲಿ ಮೈಕ್ ಇಟ್ಟು 120 ಹರ್ಟ್ಜ್‌ನ ಎತ್ತರ ಬರೆದುಕೊಳ್ಳಿ. ತಿರುಗಿಸಿದ ಫೈಲ್ ಹಾಕಿ ಮತ್ತೆ ಬರೆದುಕೊಳ್ಳಿ. ಎರಡೂ ಅಂಕಿ ಒಂದೇ ಆದರೆ ಅವಸರಪಡಬೇಡಿ: ಸ್ಪೀಕರ್‌ನ ಹಾರ್ಮೋನಿಕ್ ನಿಮ್ಮದಕ್ಕೆ 90 ಡಿಗ್ರಿ ಅಂತರದಲ್ಲಿ ಕೂತಿದ್ದರೆ ಕೂಡುವುದೂ ಕಳೆಯುವುದೂ ಸಮನಾಗಿ ಕಾಣುತ್ತದೆ. 120 ಹರ್ಟ್ಜ್ ಟ್ರ್ಯಾಕನ್ನು ಇನ್ನೂ 50 ಸ್ಯಾಂಪಲ್, ಅಂದರೆ 45 ಡಿಗ್ರಿ, ಸರಿಸಿ ಇನ್ನೊಮ್ಮೆ ನೋಡಿ. ಅಂಕಿಗಳು ಬೇರೆಯಾದರೆ ನಿಮ್ಮ ಇನ್‌ವರ್ಟ್ ಬಟನ್ ಕದಲಿಸುತ್ತಿರುವುದು ವೂಫರ್‌ನ ದೋಷವನ್ನು. ಎರಡೂ ಸ್ಥಿತಿಗಳಲ್ಲಿ ಯಾವುದು ಇಷ್ಟವೋ ಅದರಲ್ಲಿ ಬಿಡಬಹುದು, ತಕರಾರಿಲ್ಲ.

ಸರಣಿಯನ್ನು ಸರಿ ಇಟ್ಟುಕೊಳ್ಳಲು

ಮುದ್ರಣ ಯಾವುದೇ ಇರಲಿ, ನಮ್ಮ ಕಡೆಯ ಸರಣಿ ಸರಿ ಇರುವುದು ಖರ್ಚಿಲ್ಲದ ಕೆಲಸ. ವೂಫರ್‌ಗೆ 1.5 ವೋಲ್ಟ್ ಸೆಲ್ ಸಾಕು: ಆಂಪ್‌ನಿಂದ ತಂತಿ ಬಿಚ್ಚಿ, ಸೆಲ್‌ನ ಪಾಸಿಟಿವ್ ತುದಿಯನ್ನು ಕೆಂಪು ಟರ್ಮಿನಲ್‌ಗೆ ಒಂದು ಕ್ಷಣ ಮುಟ್ಟಿಸಿದರೆ ಕೋನ್ ಹೊರಕ್ಕೆ ಜಿಗಿಯಬೇಕು. ಬರೀ ಟ್ವೀಟರ್ ಮೇಲೆ ಇದನ್ನು ಮಾಡಬೇಡಿ, ಅದರ ನವುರಾದ ಕಾಯಿಲ್‌ಗೆ ನೇರ ಕರೆಂಟ್ ಹಿತವಲ್ಲ; ಕ್ರಾಸ್‌ಓವರ್ ಮೂಲಕ ಕೊಟ್ಟರೆ ಅದರ ಕೆಪಾಸಿಟರ್ ತಡೆದು ಏನೂ ಕಾಣುವುದೂ ಇಲ್ಲ.

ಡ್ಯಾಕ್ (ಡಿಜಿಟಲ್ ಅಂಕಿಗಳನ್ನು ವೋಲ್ಟೇಜ್ ಆಗಿಸುವ ಸಾಧನ), ಆಂಪ್ ಎಲ್ಲವನ್ನೂ ಸೇರಿಸಿ ನೋಡಲು ಮೈಕ್ ಬೇಕು. ಆದರೆ ಮೈಕ್ ಮತ್ತು ಅದರ ಇಂಟರ್‌ಫೇಸೇ ತಿರುಗಿದ್ದರೆ? ಮೊದಲು ಅವನ್ನೇ ಪರೀಕ್ಷಿಸಿ. ಮೈಕ್‌ನಿಂದ ಒಂದು ಗೇಣು ದೂರದಲ್ಲಿ ತುಟಿ ಬಿಗಿದು ‘ಪ್’ ಎಂದು ಸಿಡಿಸಿ ರೆಕಾರ್ಡ್ ಮಾಡಿ. ‘ಪ’ಕಾರ ಗಾಳಿಯನ್ನು ಹೊರದೂಡುವುದರಿಂದ ಅಲೆಯ ಮೊದಲ ದೊಡ್ಡ ಚಲನೆ ಮೇಲಕ್ಕೆ ಇರಬೇಕು. ಬಲೂನ್ ಒಡೆದರೂ ಮೊದಲು ಬರುವುದು ಒತ್ತೇ. ಚಪ್ಪಾಳೆ ಬೇಡ, ಅದರ ಮೊದಲ ಅಲೆ ನಂಬುವಂಥದ್ದಲ್ಲ. ಮೈಕ್ ಸರಿ ಎಂದು ಗೊತ್ತಾದ ಮೇಲೆ ಒಂದೇ ದಿಕ್ಕಿನ ಪಲ್ಸ್ ನುಡಿಸಿ ವೂಫರ್ ಹತ್ತಿರ ಹಿಡಿಯಿರಿ, ಮೊದಲ ಶಿಖರ ಮೇಲಿದ್ದರೆ ಸರಣಿ ನೆಟ್ಟಗಿದೆ. ಕೇಳುವ ಕುರ್ಚಿಯಲ್ಲಿ ಅಳೆದರೆ ಮೊದಲು ಟ್ವೀಟರ್‌ನ ಮೊನೆ ಕಾಣಿಸಿ ದಾರಿ ತಪ್ಪಿಸಬಹುದು. ಅದು ಕೆಳಮುಖವಾಗಿದ್ದರೆ ಮೇಲೆ ಹೇಳಿದ ಎರಡನೇ ದರ್ಜೆಯ ಕ್ರಾಸ್‌ಓವರ್ ಇರಬಹುದು ಅಷ್ಟೇ. ಎಕ್ಸ್‌ಎಲ್‌ಆರ್ ಕೇಬಲ್‌ನಲ್ಲಿ ತಪ್ಪು ಸಿಕ್ಕರೆ ಒಂದು ತುದಿಯಲ್ಲಿ 2 ಮತ್ತು 3ನೇ ಪಿನ್ ಅದಲುಬದಲು ಮಾಡಿದರಾಯಿತು. ಎರಡೂ ಪಿನ್‌ಗೆ ಸಮನಾಗಿ ಹೋಗುವ, ಮೈಕ್‌ಗೆ ವಿದ್ಯುತ್ ಕೊಡುವ ಫ್ಯಾಂಟಮ್ ಪವರ್‌ಗೆ ಇದರಿಂದ ಬಾಧೆಯಿಲ್ಲ. ಹಾಗೆ ಮಾಡಿದ ಕೇಬಲ್‌ಗೆ ಬಣ್ಣದ ಟೇಪ್ ಸುತ್ತಿಡಿ, ಇಲ್ಲದಿದ್ದರೆ ಆರು ತಿಂಗಳ ನಂತರ ಅದೇ ಕೇಬಲ್ ಸ್ಟೀರಿಯೋ ಜೋಡಿಯ ಒಂದು ಕಡೆಗೆ ಸೇರಿ ಬಾಸ್ ನುಂಗುತ್ತದೆ.

ಪೊಲಾರಿಟಿ ಬಟನ್ ನಿಜಕ್ಕೂ ಪ್ರಾಣ ಹೋಗುವಷ್ಟು ಮುಖ್ಯವಾಗುವ ಒಂದು ಜಾಗ ಹಾಡುವವರ ಕಿವಿಯೊಳಗಿನ ಮಾನಿಟರ್. ಕಿವಿ ಮುಚ್ಚಿದಾಗ ಸ್ವಂತ ದನಿ ತಲೆಬುರುಡೆಯ ಮೂಲಕವೇ ಒಳಗಿವಿ ತಲುಪುತ್ತಿರುತ್ತದೆ, ಅದರ ಜೊತೆಗೆ ಮೈಕ್‌ನಿಂದ ಬಂದ ದನಿಯೂ ಸೇರುತ್ತದೆ. ಮೇಲ್ನೋಟಕ್ಕೆ ಇದು ಅಬ್ಸಲ್ಯೂಟ್ ಪೊಲಾರಿಟಿಯ ಪ್ರಶ್ನೆ, ಏಕೆಂದರೆ ಎರಡೂ ಕಿವಿಗೆ ಒಟ್ಟಿಗೇ ತಿರುಗಿಸುತ್ತಿದ್ದೇವೆ. ಒಳಗೆ ನಡೆಯುವುದು ಮಾತ್ರ ಎರಡು ದಾರಿಯ ದನಿಗಳ ಕೂಡುವಿಕೆ. ಡಿಜಿಟಲ್ ಮಿಕ್ಸರ್ ಮತ್ತು ವೈರ್‌ಲೆಸ್ ಸೇರಿ 2 ಮಿಲಿಸೆಕೆಂಡ್ ತಡವಾದರೆ 250 ಹರ್ಟ್ಜ್ ಸುತ್ತ ದನಿ ಅಳಿಸಿಹೋಗಿ, ಹಾಡುವವರು ‘ನನ್ನ ದನಿಗೆ ಮೈಯೇ ಇಲ್ಲ’ ಎಂದು ವಾಲ್ಯೂಮ್ ಏರಿಸಲು ಹೇಳುತ್ತಾರೆ. ತಿರುಗಿಸಿದರೆ ಗುಂಡಿ 500 ಮತ್ತು 1000 ಹರ್ಟ್ಜ್‌ಗೆ ಜಾರುತ್ತದೆ, ತೀರ ಕೆಳಗಿನ ಬುಡವೂ ಸ್ವಲ್ಪ ಸವೆಯುತ್ತದೆ. ಯಾವುದು ಮೇಲು ಎಂಬುದು ಹಾಡುವವರ ಸ್ಥಾಯಿ ನೋಡಿ ಹೇಳಬೇಕು. ಸೌಂಡ್‌ಚೆಕ್‌ನಲ್ಲಿ ಯಾವ ಸ್ಥಿತಿ ಯಾವುದೆಂದು ಹೇಳದೆ ಎರಡೂ ಸ್ಥಿತಿಯಲ್ಲಿ ಒಂದೊಂದು ಸಾಲು ಹಾಡಿಸಿ, ಅವರು ಆರಿಸಿದ್ದನ್ನು ಮಿಕ್ಸರ್‌ನ ಸೆಟ್ಟಿಂಗ್‌ಗಳಿರುವ ಸೀನ್ ಫೈಲ್‌ನಲ್ಲಿ ಉಳಿಸಿಬಿಡಿ.